ಶೀಟಿನ ಮೇಲೆ ಅಂಟಿಸುವ ಸೋಲಾರ್: ಫ್ಯಾಕ್ಟರಿ ಶೆಡ್‌ಗೆ ಆಗುತ್ತಾ?

ದಾಬಸ್‌ಪೇಟೆ ಡಬ್ಬಿ · ಸೋಮವಾರ ಬೆಳಿಗ್ಗೆ 10:12

ಎಲ್ಲರಿಗೂ ನಮಸ್ಕಾರ. ದಾಬಸ್‌ಪೇಟೆಯಲ್ಲಿ ನಮ್ಮದು ರಟ್ಟಿನ ಡಬ್ಬಿ ಮಾಡುವ ಸಣ್ಣ ಯೂನಿಟ್. ಶೆಡ್ಡು 24 ಮೀಟರ್ ಅಗಲ, 50 ಮೀಟರ್ ಉದ್ದ. ಪಿಇಬಿ ಕಟ್ಟಡ, ಅಂದರೆ ಉಕ್ಕಿನ ಭಾಗಗಳನ್ನು ಫ್ಯಾಕ್ಟರಿಯಲ್ಲೇ ಮಾಡಿ ತಂದು ಜೋಡಿಸಿದ್ದು. ಕಟ್ಟಿ 8 ವರ್ಷ ಆಯ್ತು. ಮೇಲೆ ಅರ್ಧ ಮಿಲಿಮೀಟರ್ ದಪ್ಪದ ಗ್ಯಾಲ್ವಾಲ್ಯೂಮ್ ಶೀಟು (ಲೇಪ ಹಾಕಿದ ಉಕ್ಕಿನ ತಗಡು), ಸ್ಕ್ರೂ ಹೊಡೆದು ಕೂರಿಸಿದ್ದು. ಪಕ್ಕದಲ್ಲೇ ಒಂದು ಕಮಾನು ಗೋಡೌನ್ ಇದೆ. ಅದಕ್ಕೆ ಚಾವಣಿ ಹೊರುವ ಟ್ರಸ್ಸೂ ಇಲ್ಲ, ಶೀಟಿನ ಕೆಳಗೆ ಅಡ್ಡ ಹಾಕುವ ಪರ್ಲಿನ್ ಪಟ್ಟಿಯೂ ಇಲ್ಲ. ಶೀಟೇ ಬಾಗಿ ನಿಂತಿದೆ.

100 ಕಿಲೋವ್ಯಾಟ್ ಸೋಲಾರ್ ಹಾಕಿಸೋಣ ಅಂತ ಹೊರಟೆ. ಬಂದು ನೋಡಿದವರೊಬ್ಬರು, "ನಿಮ್ಮ ಶೀಟು ಗಾಜಿನ ಪ್ಯಾನೆಲ್ ತಡೆಯಲ್ಲ, ಗಾಜಿಲ್ಲದ, ಬಾಗುವ ಫ್ಲೆಕ್ಸಿಬಲ್ ಪ್ಯಾನೆಲ್ ಅಂಟಿಸಿಬಿಡೋಣ, ತೂತು ಕೊರೆಯೋದೇ ಬೇಡ" ಅಂದರು. ಕೇಳೋಕೆ ಚೆನ್ನಾಗಿದೆ. ರೇಟು ಕೇಳಿದಾಗ ಮಾತ್ರ ಕುರ್ಚಿ ಹುಡುಕಬೇಕಾಯ್ತು. ಗಾಜಿನದಕ್ಕೆ ನನಗೆ ಬಂದ ಕೊಟೇಶನ್ ವ್ಯಾಟಿಗೆ 42 ರೂಪಾಯಿ, ಇದಕ್ಕೆ 78. ಯಾರಾದರೂ ಹಾಕಿಸಿದ್ದೀರಾ? ತೂಕದ ಮಾತು ನಿಜವಾ, ಇಲ್ಲ ಸುಮ್ನೆ ಹೆದರಿಸ್ತಿದ್ದಾರಾ?

ಹುಬ್ಬಳ್ಳಿ ಬಿಸಿಲು · ಬೆಳಿಗ್ಗೆ 10:40

ಸೋಲಾರ್ ಹಾಕೋದೇ ನನ್ನ ಕೆಲಸ, ಹಾಗಾಗಿ ಸ್ವಲ್ಪ ಪಕ್ಷಪಾತ ಇರಬಹುದು, ನೋಡಿಕೊಳ್ಳಿ.

ತೂಕದ ಲೆಕ್ಕ ಸರಳ. ಈಗ ಎಲ್ಲ ಕಡೆ ಸಿಗುವ 550 ವ್ಯಾಟ್ ಪ್ಯಾನೆಲ್ಲು ಹತ್ತಿರ ಹತ್ತಿರ 2.28 ಮೀಟರ್ ಉದ್ದ, 1.13 ಮೀಟರ್ ಅಗಲ. ತೂಕ 28 ಕೆಜಿ ಆಸುಪಾಸು. ಎರಡೂ ಕಡೆ ಗಾಜಿದ್ದರೆ 32. ಅಂದರೆ ಚದರ ಮೀಟರಿಗೆ 11-12 ಕೆಜಿ. ರೈಲು, ಕ್ಲ್ಯಾಂಪು ಸೇರಿಸಿ 15 ಅಂತ ಹಿಡಿಯಿರಿ. ಫ್ಲೆಕ್ಸಿಬಲ್ ಆದರೆ ಚದರ ಮೀಟರಿಗೆ 3 ಕೆಜಿ ಸುತ್ತಮುತ್ತ.

ಆದರೆ ಜಾಗದ ಲೆಕ್ಕ ಯಾರೂ ಹೇಳಲ್ಲ. ಗಾಜಿನ ಪ್ಯಾನೆಲ್ ದಕ್ಷತೆ, ಅಂದರೆ ಬಿದ್ದ ಬಿಸಿಲಲ್ಲಿ ಕರೆಂಟಾಗುವ ಪಾಲು, ಈಗ 21 ಪರ್ಸೆಂಟ್ ದಾಟಿದೆ. 100 ಕಿಲೋವ್ಯಾಟ್‌ಗೆ 182 ಪ್ಯಾನೆಲ್ಲು, ಬರೀ ಪ್ಯಾನೆಲ್ ಜಾಗ 470 ಚದರ ಮೀಟರ್. ಅಂಟಿಸುವ ತೆಳು ಪದರದ (ಥಿನ್ ಫಿಲ್ಮ್, ಸಿಲಿಕಾನ್ ಬಿಲ್ಲೆ ಇಲ್ಲದ) ಪ್ಯಾನೆಲ್ಲು 15 ಪರ್ಸೆಂಟ್ ಇದ್ದರೆ 667 ಚದರ ಮೀಟರ್ ಬೇಕು. ನಿಮ್ಮ ಚಾವಣಿಯ ದಕ್ಷಿಣದ ಇಳಿಜಾರು ಪೂರ್ತಿ ಸೇರಿ 600 ಚದರ ಮೀಟರ್. ಇನ್ನು ನೀವೇ ನೋಡಿಕೊಳ್ರಿ.

ಪರ್ಲಿನ್ ಪುರಾಣ · ಬೆಳಿಗ್ಗೆ 11:55

ನಾನು ಪಿಇಬಿ ಡಿಸೈನ್ ಮಾಡುವವನು. "ಶೀಟು ತಡೆಯಲ್ಲ" ಅನ್ನುವ ಮಾತೇ ತಪ್ಪು. ಭಾರ ಹೊರುವುದು ಶೀಟಲ್ಲ, ಅದರ ಕೆಳಗಿನ ಪರ್ಲಿನ್. ಗಾಜಿನ ಪ್ಯಾನೆಲ್ಲಿನ ರೈಲನ್ನು ಪರ್ಲಿನ್ ಇರುವ ಸಾಲಿಗೆ ಹಿಡಿಸಬೇಕು. ಎರಡು ಪರ್ಲಿನ್ ನಡುವೆ ಬರೀ ಶೀಟಿಗೆ ಸ್ಕ್ರೂ ಹೊಡೆದು ಹೋಗುವವರಿದ್ದಾರೆ. ಅವರ ಕೆಲಸ ನೋಡಿಯೇ ಈ ಮಾತು ಹುಟ್ಟಿರಬೇಕು.

ನಿಮ್ಮ ಶೆಡ್ಡಿನ ಡ್ರಾಯಿಂಗ್ ತೆಗೆಯಿರಿ. ಮೊದಲನೇ ಹಾಳೆ, ಬಲಗಡೆ, ಸಣ್ಣ ಅಕ್ಷರದ ಜನರಲ್ ನೋಟ್ಸ್. ಅಲ್ಲಿ ಡೆಡ್ ಲೋಡ್ (ಕಟ್ಟಡದ ಸ್ವಂತ ಭಾರ), ಲೈವ್ ಲೋಡ್ (ಮೇಲೆ ಬಂದು ಹೋಗುವ ಭಾರ), ವಿಂಡ್ ಸ್ಪೀಡ್ ಅಂತ ಬರೆದಿರುತ್ತಾರೆ. ಲೈವ್ ಲೋಡ್ 0.57 ಇರಬಹುದು, 0.75 ಇರಬಹುದು. 0.75 ಕಟ್ಟಡದ ಭಾರಕ್ಕಿರುವ ನಮ್ಮ ಭಾರತೀಯ ಮಾನದಂಡ ಐಎಸ್ 875ರ ಎರಡನೇ ಭಾಗದ್ದು, ಜನ ಓಡಾಡದ ಚಾವಣಿಗೆ. 0.57 ಅಮೆರಿಕದ ಪಿಇಬಿ ಪದ್ಧತಿಯಿಂದ ಬಂದದ್ದು, ಇಲ್ಲೂ ತುಂಬಾ ಜನ ಬಳಸುತ್ತಾರೆ. ಎರಡೂ ಚದರ ಮೀಟರಿಗೆ ಕಿಲೋನ್ಯೂಟನ್ ಲೆಕ್ಕ. 0.57 ಅಂದರೆ 58 ಕೆಜಿ ಅಂದುಕೊಳ್ಳಿ.

ನಿಮಗೆ ಬೇಕಾಗಿರುವುದು ಅದರ ಕೆಳಗಿನ ಸಾಲು, "ಕೊಲ್ಯಾಟರಲ್ ಲೋಡ್". ಫಾಲ್ಸ್ ಸೀಲಿಂಗು, ಡಕ್ಟು, ಸ್ಪ್ರಿಂಕ್ಲರ್ ಪೈಪು ಅಂತ ಮುಂದೆ ನೇತುಹಾಕುವ ಸಾಮಾನಿಗೆ ಬಿಟ್ಟ ಲೆಕ್ಕ. ಅಲ್ಲಿ 0.10 ಅಥವಾ 0.15 ಅಂತ ಇದ್ದು, ನೀವು ಏನೂ ನೇತುಹಾಕಿಲ್ಲ ಅಂದರೆ, ಗಾಜಿನ ಪ್ಯಾನೆಲ್ಲಿನ ಬಹುಪಾಲು ಭಾರಕ್ಕೆ ಜಾಗ 8 ವರ್ಷದ ಹಿಂದೆಯೇ ಆಗಿದೆ. ಸೊನ್ನೆ ಇದ್ದರೆ ಪರ್ಲಿನ್ನುಗಳನ್ನು ಮತ್ತೆ ಲೆಕ್ಕ ಹಾಕಿಸಬೇಕು. ಅದಕ್ಕೆ ಒಬ್ಬ ಎಂಜಿನಿಯರು ಸಹಿ ಹಾಕಬೇಕು. ಪ್ಯಾನೆಲ್ ಮಾರುವವರ ಕಣ್ಣಂದಾಜು ನಡೆಯಲ್ಲ.

ಸುಮ್ನೆ ಬಂದೋನು · ಮಧ್ಯಾಹ್ನ 12:03

8 ವರ್ಷದ ಹಿಂದಿನ ಡ್ರಾಯಿಂಗ್ ಯಾರ ಹತ್ತಿರ ಇರುತ್ತೆ ಸ್ವಾಮಿ. ನಮ್ಮ ಶೆಡ್ಡಿನದು ಇಲಿ ತಿಂದಿದೆ.

ಪರ್ಲಿನ್ ಪುರಾಣ · ಮಧ್ಯಾಹ್ನ 12:10

ಬ್ಯಾಂಕಿನಲ್ಲಿ ಲೋನ್ ಫೈಲ್ ಇರುತ್ತೆ, ಅದರಲ್ಲಿ ಒಂದು ಪ್ರತಿ ಇರುತ್ತೆ. ಇಲಿ ಅಲ್ಲಿಗೂ ಹೋಗಿದ್ದರೆ ಟೇಪು, ವರ್ನಿಯರ್ ಹಿಡಿದು ಪರ್ಲಿನ್ ದಪ್ಪ ಅಳೆಯಬೇಕು.

ಗೇರುಬೀಜದಕ್ಕ · ಮಧ್ಯಾಹ್ನ 2:30

ನಾನು ಅಂಟಿಸಿ ಕೈ ಸುಟ್ಟುಕೊಂಡವಳು, ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ. ಮಂಗಳೂರು ಕಡೆ ನಮ್ಮದು ಗೇರುಬೀಜದ ಕಾರ್ಖಾನೆ. 6 ವರ್ಷದ ಹಿಂದೆ 20 ಕಿಲೋವ್ಯಾಟ್ ಫ್ಲೆಕ್ಸಿಬಲ್ ಹಾಕಿಸಿದೆವು. ಯಾರು ಹಾಕಿದರು, ಯಾವ ಕಂಪನಿ ಅಂತ ಕೇಳಬೇಡಿ, ಹೇಳುವುದಿಲ್ಲ.

ಮೊದಲ ವರ್ಷ ಚಂದ ಇತ್ತು. ಚಾವಣಿ ನೋಡಿದರೆ ಪ್ಯಾನೆಲ್ ಇದೆ ಅಂತಲೇ ಗೊತ್ತಾಗುತ್ತಿರಲಿಲ್ಲ. ಎರಡನೇ ಮಳೆಗಾಲಕ್ಕೆ ಶುರುವಾಯ್ತು. ಬೆಳಿಗ್ಗೆ ಇನ್ವರ್ಟರ್ ಏಳುವುದೇ ಇಲ್ಲ. ಕೆಂಪು ದೀಪ, "ಐಸೊ ಫಾಲ್ಟ್" ಅಂತ, ಅಂದರೆ ಕರೆಂಟು ಎಲ್ಲೋ ನೆಲಕ್ಕೆ ಸೋರುತ್ತಿದೆ ಅಂತ. ಹತ್ತೂವರೆ, ಹನ್ನೊಂದಕ್ಕೆ ಬಿಸಿಲು ಬಿದ್ದು ಚಾವಣಿ ಒಣಗಿದ ಮೇಲೆ ತಾನೇ ಏಳುತ್ತದೆ. ಇಡೀ ದಿನ ಮಳೆ ಇದ್ದರೆ ಅವತ್ತು ರಜೆ. ಹಾಕಿದವರು ಬಂದು ಇನ್ವರ್ಟರ್ ಬದಲಿಸಿದರು. ಮತ್ತೆ ಅದೇ ಕಥೆ.

ಕೊನೆಗೆ ಬೇರೆ ಒಬ್ಬ ಎಲೆಕ್ಟ್ರಿಷಿಯನ್ ಹುಡುಗ ಮೇಲೆ ಹತ್ತಿ, ಒಂದೊಂದೇ ಸ್ಟ್ರಿಂಗ್ (ಸಾಲಾಗಿ ಜೋಡಿಸಿದ ಪ್ಯಾನೆಲ್ಲುಗಳು) ಬಿಚ್ಚಿ, ಸೋರಿಕೆ ಪತ್ತೆ ಮಾಡುವ ಮೆಗ್ಗರ್ ಇಟ್ಟು ನೋಡಿದ. ಪ್ಯಾನೆಲ್ಲಿನಿಂದ ವೈರು ಹೊರಡುವ ಜಂಕ್ಷನ್ ಬಾಕ್ಸನ್ನು ಇಳಿಜಾರಿನ ಕೆಳತುದಿಗೆ ಬರುವ ಹಾಗೆ ಅಂಟಿಸಿದ್ದರು. ಮೇಲಿನಿಂದ ಬಂದ ನೀರೆಲ್ಲ ಶೀಟಿನ ತಗ್ಗಿನಲ್ಲಿ ಹರಿದು ಬಾಕ್ಸಿಗೆ ಬಡಿದು ಅಲ್ಲೇ ನಿಲ್ಲುತ್ತಿತ್ತು. ವೈರಿನ ಕನೆಕ್ಟರ್‌ಗಳೂ ಅದೇ ನೀರಲ್ಲಿ ಮಲಗಿದ್ದವು. ಗಾಜಿನ ಪ್ಯಾನೆಲ್ ಆದರೆ ಇವೆಲ್ಲ ಗಾಳಿಯಲ್ಲಿ ನೇತಾಡುತ್ತಿರುತ್ತವೆ. ಇಲ್ಲಿ ಪ್ಯಾನೆಲ್ಲಿಗೂ ಶೀಟಿಗೂ ನಡುವೆ ಒಂದು ಕಾಗದದಷ್ಟೂ ಜಾಗವಿಲ್ಲ ಮಾರಾಯ್ರೆ.

ಅದು ಸರಿಯಾಗುವ ಹೊತ್ತಿಗೆ ಮೂಲೆಗಳು ಏಳಲಿಕ್ಕೆ ಶುರುವಾಯ್ತು. ನಾನೇ ಏಣಿ ಹತ್ತಿ ನೋಡಿದೆ. ಮೂಲೆಯ ಕೆಳಗೆ ಬೆರಳು ಹೋಗುತ್ತದೆ, ಒಳಗೆ ಕಪ್ಪು ಅಂಟು ಬಬಲ್ ಗಮ್ ಹಾಗೆ ಎಳೆಎಳೆಯಾಗಿದೆ, ಅದರ ಮೇಲೆ ಇರುವೆ ಗೂಡು. ನಮ್ಮ ಊರಿನ ಗಾಳಿ ಗೊತ್ತಲ್ಲ.

ಕಡೆಯ ಪೆಟ್ಟು ಕಳೆದ ವರ್ಷ. ಉಪ್ಪುಗಾಳಿಗೆ ಶೀಟೇ ತುಕ್ಕು ಹಿಡಿದು ಬದಲಿಸಬೇಕಾಯ್ತು. ಶೀಟು ಹೋದಾಗ ಪ್ಯಾನೆಲ್ಲೂ ಅದರ ಜೊತೆ ಗುಜರಿಗೆ ಹೋಯ್ತು. ಬಿಡಿಸಲಿಕ್ಕೆ ಬರುವುದೇ ಇಲ್ಲ.

ದಾಬಸ್‌ಪೇಟೆ ಡಬ್ಬಿ · ಮಧ್ಯಾಹ್ನ 2:48

ಅಕ್ಕಾ, ಓದಿ ಹೊಟ್ಟೆಯಲ್ಲಿ ಹೇಗೋ ಆಯ್ತು. ಶೀಟು ಬದಲಿಸುವ ವಿಷಯ ನನ್ನ ತಲೆಗೇ ಬಂದಿರಲಿಲ್ಲ.

ಟೆಕ್ಸಾಸ್ ತಗಡು · ರಾತ್ರಿ 8:15

ಡಲ್ಲಾಸ್‌ನಿಂದ. ಮೂಲತಃ ತುಮಕೂರಿನವನು, ಇಲ್ಲಿ ಕಮರ್ಷಿಯಲ್ ರೂಫಿಂಗ್ ಕಂಪನಿಯಲ್ಲಿ ಎಸ್ಟಿಮೇಟರ್. ಗೇರುಬೀಜದಕ್ಕ ಹೇಳಿದ ಕೊನೆಯ ಮಾತೇ ಈ ವ್ಯವಹಾರದ ತಿರುಳು. ಸೋಲಾರ್‌ನವರು 25 ವರ್ಷದ ಮಾತಾಡುತ್ತಾರೆ. ಕೆಳಗಿನ ಚಾವಣಿಗೆ ಎಷ್ಟು ಆಯಸ್ಸು ಉಳಿದಿದೆ ಅಂತ ಕೇಳುವವರು ಕಡಿಮೆ.

ಅಂಟಿಸುವ ಪ್ಯಾನೆಲ್ ಹೊಸದೇನಲ್ಲ. ಇಲ್ಲಿ ಮಿಶಿಗನ್‌ನಲ್ಲಿ ಯೂನಿ-ಸೋಲಾರ್ ಅಂತ ಒಂದು ಬ್ರ್ಯಾಂಡ್ ಇತ್ತು. ಅವರ 136 ವ್ಯಾಟಿನ ಪಟ್ಟಿ ಸುಮಾರು ಐದೂವರೆ ಮೀಟರ್ ಉದ್ದ, ಅಗಲ ಬರೀ 39 ಸೆಂಟಿಮೀಟರ್. ಆ ಅಗಲ ಯಾಕೆ ಗೊತ್ತಾ? ಇಲ್ಲಿನ ಸ್ಟ್ಯಾಂಡಿಂಗ್ ಸೀಮ್ ಚಾವಣಿಯಲ್ಲಿ ತಗಡುಗಳ ಅಂಚನ್ನು ಮೇಲಕ್ಕೆ ಮಡಚಿ ಸೇರಿಸುತ್ತಾರೆ, ಅಂಥ ಎರಡು ಸೀಮ್ ನಡುವೆ 16 ಇಂಚಿನ ಚಪ್ಪಟೆ ಜಾಗ ಇರುತ್ತದೆ. ಅದರೊಳಗೆ ಸರಿಯಾಗಿ ಕೂರಲಿ ಅಂತ. ಮೊದಲು ಚಾವಣಿ ನೋಡಿ, ಆಮೇಲೆ ಪ್ಯಾನೆಲ್ ಮಾಡಿದ್ದರು. ದಕ್ಷತೆ ಮಾತ್ರ 6 ಪರ್ಸೆಂಟ್ ಚಿಲ್ಲರೆ. ಗಾಜಿನ ಪ್ಯಾನೆಲ್ ಬೆಲೆ ಕುಸಿದಾಗ ನಿಲ್ಲಲಾಗಲಿಲ್ಲ. ಮಾತೃ ಕಂಪನಿ 2012ರ ಫೆಬ್ರುವರಿಯಲ್ಲಿ ದಿವಾಳಿ ಅರ್ಜಿ ಹಾಕಿತು. ಈಗ ಚಾವಣಿ ಇದೆ, ಪ್ಯಾನೆಲ್ ಇದೆ, ವಾರಂಟಿ ಕಾಗದವೂ ಇದೆ. ಫೋನ್ ಎತ್ತುವವರಿಲ್ಲ.

ಈಗ ನಿಮ್ಮ ಶೀಟಿಗೆ ಬರೋಣ. ಊರಿಗೆ ಬಂದಾಗ ನೋಡಿದ್ದೇನೆ. ಅಲ್ಲಿ ಜಾಸ್ತಿ ಇರುವುದು ಟ್ರಪಿಜಾಯ್ಡಲ್ ಶೀಟು, 20-25 ಸೆಂಟಿಮೀಟರಿಗೊಂದು ರಿಬ್ಬು, ಅಂದರೆ ಉಬ್ಬಿದ ಏಣು. ಈಗಿನ ಫ್ಲೆಕ್ಸಿಬಲ್ ಪ್ಯಾನೆಲ್ಲು ಅರ್ಧ ಮೀಟರಿಗಿಂತ ಅಗಲ. ಅದು ತಗ್ಗಿನಲ್ಲಿ ಕೂರಲ್ಲ. ರಿಬ್ಬಿನಿಂದ ರಿಬ್ಬಿಗೆ ಚಾಪೆ ಹಾಸಿದ ಹಾಗೆ ಹಾಸಬೇಕು. ಕೆಳಗೆ ಟೊಳ್ಳು. ಗಾಳಿ ಬಂದಾಗ ಡೋಲಿನ ಹಾಗೆ ಬಡಿಯುತ್ತದೆ. ಒಳಗಿರುವುದು ಸಿಲಿಕಾನ್ ಸೆಲ್ ಆದರೆ ಸೂಕ್ಷ್ಮ ಬಿರುಕು ಬೀಳುತ್ತದೆ, ಕಣ್ಣಿಗೂ ಕಾಣಲ್ಲ. ಪ್ಯಾನೆಲ್ ಬಾಗುತ್ತದೆ ನಿಜ. ಸಿಲಿಕಾನ್ ಮಾತ್ರ ಹಪ್ಪಳದ ಜಾತಿಯದ್ದು.

ಹಾಗಾಗಿ ಮಾರುವವರನ್ನು ಕೇಳಿ: "ನನ್ನ ಶೀಟಿನ ಪ್ರೊಫೈಲ್ ಯಾವುದು?" ಉತ್ತರ ಬರದಿದ್ದರೆ ಕಾಫಿ ಕೊಟ್ಟು ಕಳಿಸಿ.

ಸುಮ್ನೆ ಬಂದೋನು · ರಾತ್ರಿ 8:31

ಅಮೆರಿಕದಲ್ಲಿ ಮಾಲ್ ಚಾವಣಿಗೆಲ್ಲ ಬಿಳಿ ರಬ್ಬರ್ ಶೀಟ್ ಹಾಸಿರ್ತಾರಲ್ಲ, ಅದರ ಮೇಲೂ ಅಂಟಿಸ್ತಾರಾ?

ಟೆಕ್ಸಾಸ್ ತಗಡು · ರಾತ್ರಿ 8:44

ಅದು ರಬ್ಬರ್ ಅಲ್ಲ, ಟಿಪಿಒ ಅನ್ನುವ ಪ್ಲಾಸ್ಟಿಕ್ ಹಾಳೆ. ಒಂದೂವರೆ ಮಿಲಿಮೀಟರ್ ದಪ್ಪ ಇರುತ್ತೆ, ಬಿಸಿಗಾಳಿಯಲ್ಲಿ ಬೆಸೆಯುತ್ತೇವೆ. ಅಂಟಿಸಬಹುದು. ಚಪ್ಪಟೆಯಾಗಿರುವುದರಿಂದ ಡೋಲಿನ ತೊಂದರೆ ಇಲ್ಲ. ಆದರೆ ಆ ಹಾಳೆ ಮಾಡಿದ ಕಂಪನಿಯನ್ನು ಮೊದಲೇ ಕೇಳಿ, ಅವರು ಒಪ್ಪಿದ ಅಂಟನ್ನೇ ಬಳಸಬೇಕು, ಇಲ್ಲದಿದ್ದರೆ ಚಾವಣಿ ವಾರಂಟಿ ಅಲ್ಲಿಗೇ ಮುಗಿಯಿತು. ಚಪ್ಪಟೆ ಚಾವಣಿಯಲ್ಲಿ ನೀರು ನಿಲ್ಲುವ ಜಾಗದಲ್ಲಂತೂ ಬೇಡವೇ ಬೇಡ.

ಬೆಂಗಳೂರಿನಲ್ಲಿ ಆರ್‌ಸಿಸಿ ತಾರಸಿ ಇರುವವರು ಈ ತಲೆನೋವೇ ತೆಗೆದುಕೊಳ್ಳಬೇಡಿ. ಕಾಂಕ್ರೀಟು ಗಾಜಿನ ಪ್ಯಾನೆಲ್ಲನ್ನೂ ಅದರ ಸ್ಟ್ಯಾಂಡನ್ನೂ ಹೊರುತ್ತದೆ.

ಹುಬ್ಬಳ್ಳಿ ಬಿಸಿಲು · ಮಂಗಳವಾರ ಬೆಳಿಗ್ಗೆ 9:20

ಬಿಸಿಯ ವಿಷಯ ಯಾರೂ ತೆಗೀಲಿಲ್ಲ. ಸಾಮಾನ್ಯ ಸಿಲಿಕಾನ್ ಪ್ಯಾನೆಲ್ಲು 25 ಡಿಗ್ರಿ ದಾಟಿದ ಮೇಲೆ ಒಂದೊಂದು ಡಿಗ್ರಿಗೂ ಸುಮಾರು 0.35 ಪರ್ಸೆಂಟ್ ಕಳೆದುಕೊಳ್ಳುತ್ತದೆ. ಏಪ್ರಿಲ್‌ನಲ್ಲಿ ಒಂದು ಸೈಟಿನಲ್ಲಿ ಎರಡೂ ಥರ ಇತ್ತು. ಮಧ್ಯಾಹ್ನ ಒಂದೂವರೆಗೆ ಟೆಂಪರೇಚರ್ ಗನ್ ಹಿಡಿದು ನೋಡಿದೆ. ರೈಲಿನ ಮೇಲಿದ್ದ ಗಾಜಿನದು 58, ಅಂಟಿಸಿದ್ದು 76. 18 ಡಿಗ್ರಿ ವ್ಯತ್ಯಾಸ. ಹೆಚ್ಚು ಕಡಿಮೆ 6 ಪರ್ಸೆಂಟ್ ಕರೆಂಟು ಅಲ್ಲೇ ಹೋಯ್ತು. ತೆಳು ಪದರದವು ಬಿಸಿಗೆ ಇಷ್ಟು ಸೊರಗಲ್ಲ, ಅದನ್ನೂ ಹೇಳಬೇಕು.

ಇನ್ನೊಂದು, ಗಾಜಿನ ಪ್ಯಾನೆಲ್ಲು ಚಾವಣಿಗೆ ಕೊಡೆ ಹಿಡಿದ ಹಾಗೆ. ಕೆಳಗೆ ಗಾಳಿ ಆಡುತ್ತದೆ, ಶೆಡ್ಡಿನ ಒಳಗೆ ಸೆಕೆ ಕಡಿಮೆಯಾಗುತ್ತದೆ. ಕೆಲಸದವರೇ ಹೇಳುತ್ತಾರೆ. ಅಂಟಿಸಿದ್ದು ಕಪ್ಪು ಬಣ್ಣ ಬಳಿದ ಹಾಗೆ, ಬಿಸಿ ಸೀದಾ ಒಳಗೆ.

ಪರ್ಲಿನ್ ಪುರಾಣ · ಬೆಳಿಗ್ಗೆ 9:50

ಅದಕ್ಕೆ ಸೇರಿಸುತ್ತೇನೆ. ಬೆಳಿಗ್ಗೆ 20 ಡಿಗ್ರಿ ಇದ್ದ ಶೀಟು ಮಧ್ಯಾಹ್ನ 65 ಮುಟ್ಟಿದರೆ, 12 ಮೀಟರ್ ಉದ್ದದ ಶೀಟು 6 ಮಿಲಿಮೀಟರಿಗೂ ಸ್ವಲ್ಪ ಜಾಸ್ತಿ ಬೆಳೆಯುತ್ತದೆ. ರಾತ್ರಿ ಮತ್ತೆ ಕುಗ್ಗುತ್ತದೆ. ಮೇಲಿನ ಪ್ಲಾಸ್ಟಿಕ್ ಹಿಗ್ಗುವ ಲೆಕ್ಕವೇ ಬೇರೆ. ಈ ಜಗಳ ದಿನಾ ನಡೆಯುವುದು ಅಂಟಿನೊಳಗೆ. ಅಂಟು ಸೋಲುವುದು ಮೂಲೆಯಿಂದ, ಯಾಕೆಂದರೆ ಗಾಳಿ ಕೀಳುವುದೂ ಅಲ್ಲಿಂದಲೇ. ಐಎಸ್ 875ರ ಮೂರನೇ ಭಾಗದಲ್ಲಿ ಬೆಂಗಳೂರಿಗೆ ಗಾಳಿಯ ಮೂಲ ವೇಗ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39. ಒತ್ತಡ ಏರುವುದು ವೇಗದ ವರ್ಗದ ಲೆಕ್ಕದಲ್ಲಿ, ಅಂದರೆ ಅಲ್ಲಿ ಇಲ್ಲಿಗಿಂತ ಸುಮಾರು 40 ಪರ್ಸೆಂಟ್ ಜಾಸ್ತಿ. ಗೇರುಬೀಜದಕ್ಕನ ಮೂಲೆಗಳು ಎದ್ದದ್ದರಲ್ಲಿ ಆಶ್ಚರ್ಯ ಇಲ್ಲ.

ಕಮಾನು ಗೋಡೌನ್ ಬಗ್ಗೆ: ಅಲ್ಲಿ ಗಾಜು ಬೇಡ. ಹಾಗಂತ ಹಗುರದ್ದು ಅಂತ ದಕ್ಷಿಣದ ಮಗ್ಗುಲಿಗೆ ಮಾತ್ರ ಅಂಟಿಸುವುದೂ ಸರಿಯಲ್ಲ. ಕಮಾನಿಗೆ ಎರಡೂ ಕಡೆ ಸಮ ಭಾರ ಬಿದ್ದರೆ ಗಟ್ಟಿ. ಒಂದೇ ಮಗ್ಗುಲಿಗೆ ಬಿದ್ದರೆ ಅದು ಬೇಗ ಮುನಿಸಿಕೊಳ್ಳುತ್ತದೆ. 3 ಕೆಜಿಗೆ ಬೀಳಲಿಕ್ಕಿಲ್ಲ, ಆದರೂ ಶೀಟು ಮಾಡಿಕೊಟ್ಟವರ ಪತ್ರ ಇಲ್ಲದೆ ಮುಟ್ಟಬೇಡಿ.

ಲೆಕ್ಕದ ಪುಟ್ಟ · ಬೆಳಿಗ್ಗೆ 11:05

ಕಾಗದದ ಕಡೆಯಿಂದ ಒಂದು ಮಾತು. ನೆಟ್ ಮೀಟರಿಂಗ್ (ಹೆಚ್ಚಾದ ಕರೆಂಟನ್ನು ಗ್ರಿಡ್‌ಗೆ ಕೊಟ್ಟು ಬಿಲ್ಲಿನಲ್ಲಿ ಕಳೆಯುವುದು) ಬೇಕಾ? ಹಾಗಾದರೆ ಪ್ಯಾನೆಲ್ ಮಾಡೆಲ್ಲು ಕೇಂದ್ರ ಸರ್ಕಾರ ಒಪ್ಪಿದ ಮಾಡೆಲ್ಲುಗಳ ಎಎಲ್‌ಎಂಎಂ ಪಟ್ಟಿಯಲ್ಲಿ ಇರಬೇಕು. ಒಂದು ವರ್ಷ ತಡೆ ಹಿಡಿದಿದ್ದರು, 2024ರ ಏಪ್ರಿಲ್ 1ರಿಂದ ಮತ್ತೆ ಜಾರಿ. ಆ ಪಟ್ಟಿಗೆ ದಕ್ಷತೆಯ ಕನಿಷ್ಠ ಮಿತಿಯೂ ಇದೆ. 15 ಪರ್ಸೆಂಟಿನ ಪ್ಯಾನೆಲ್ ಹಿಡಿದುಕೊಂಡು ಹೋಗಿ ಆಮೇಲೆ ಅಲೆಯಬೇಡಿ. ಮಾರುವವರಿಂದ ಮಾಡೆಲ್ ನಂಬರ್ ಬರೆಸಿಕೊಂಡು ಪಟ್ಟಿಯಲ್ಲಿ ನೀವೇ ಹುಡುಕಿ.

ಗಾತ್ರದ ಮಿತಿ ಮಂಜೂರಾದ ಲೋಡ್ ಅಥವಾ 500 ಕಿಲೋವ್ಯಾಟ್, ಯಾವುದು ಕಡಿಮೆಯೋ ಅದು. ತೆರಿಗೆ ಲೆಕ್ಕದಲ್ಲಿ ಕಳೆಯುವ ಸವಕಳಿ, ಅಂದರೆ ಡಿಪ್ರಿಸಿಯೇಶನ್, 40 ಪರ್ಸೆಂಟ್ ಎರಡೂ ಥರದ ಪ್ಯಾನೆಲ್ಲಿಗೆ ಸಿಗುತ್ತೆ, ಅದನ್ನು ತೋರಿಸಿ ಯಾರಾದರೂ ದುಬಾರಿಯದನ್ನು ಮಾರಲು ಬಂದರೆ ನಗಿ. ಇನ್ಶೂರೆನ್ಸ್‌ನವರಿಗೂ ಮೊದಲೇ ತಿಳಿಸಿ. ನಿಮ್ಮ ಗೋಡೌನ್ ತುಂಬಾ ರಟ್ಟು, ಮೇಲೆ ಡಿಸಿ ಕರೆಂಟು.

ದಾಬಸ್‌ಪೇಟೆ ಡಬ್ಬಿ · ಮಧ್ಯಾಹ್ನ 1:15

ಎಲ್ಲರೂ ಬೈದಾಯ್ತು. ಹಾಗಾದರೆ ಈ ಫ್ಲೆಕ್ಸಿಬಲ್ ಯಾವುದಕ್ಕೂ ಬೇಡವಾ? ಲಾರಿಗೆ ಮಾಲು ತುಂಬುವ ಜಾಗದ ಮೇಲೆ ಒಂದು ಬಾಗಿದ ಕ್ಯಾನೊಪಿ ಇದೆ, ತೆಳು ಪೈಪಿನದು. ಅದಕ್ಕಾದರೂ ಹಾಕೋಣ ಅಂತ ಆಸೆ.

ಟೆಕ್ಸಾಸ್ ತಗಡು · ರಾತ್ರಿ 9:02

ಬೇಡ ಅಂತ ಯಾರು ಅಂದರು? ಅದರ ಜಾಗ ಅದೇ. ಬಾಗಿದ ಮೇಲ್ಮೈ, ನಿಜವಾಗಿ ಭಾರ ತಡೆಯದ ಕಟ್ಟಡ, ಬಸ್ಸಿನ ಚಾವಣಿ, ದೋಣಿ. ಅಲ್ಲೆಲ್ಲ ಗಾಜಿಗೆ ಪ್ರವೇಶ ಇಲ್ಲ.

ಆದರೆ ಚಾವಣಿಗೆ ಸೀದಾ ಅಂಟಿಸಬೇಡಿ. ನಾನಾದರೆ ಹೀಗೆ ಮಾಡುತ್ತೇನೆ. ರಿಬ್ಬಿಲ್ಲದ ಚಪ್ಪಟೆ ತಗಡು ತಂದು, ನೆರಳಲ್ಲಿ, ಮೇಜಿನ ಮೇಲೆ ಪ್ಯಾನೆಲ್ಲನ್ನು ಅದಕ್ಕೆ ಅಂಟಿಸುವುದು. ಮೊದಲು ತಗಡನ್ನು ಸ್ಪಿರಿಟ್‌ನಲ್ಲಿ ಒರೆಸಬೇಕು, ಐಸೊಪ್ರೊಪೈಲ್ ಆಲ್ಕೋಹಾಲ್. ನೀರು ಸಾಲದು, ಥಿನ್ನರ್ ಬೇಡ. ಒಂದು ತುದಿಯಿಂದ ಕಾಗದ ಸುಲಿಯುತ್ತಾ ರಬ್ಬರ್ ರೋಲರ್ ಒತ್ತುತ್ತಾ ಹೋಗಿ. ಒಳಗೆ ಗಾಳಿ ಸಿಕ್ಕಿಕೊಂಡರೆ ಬಿಸಿಲಿಗೆ ಅದೇ ಗುಳ್ಳೆ. ಆಮೇಲೆ ಆ ತಗಡನ್ನು ಕ್ಯಾನೊಪಿ ಮೇಲೆ ಟೋಪಿ ಆಕಾರಕ್ಕೆ ಬಾಗಿಸಿದ ಲೋಹದ ಪಟ್ಟಿ ಇಟ್ಟು 4-5 ಸೆಂಟಿಮೀಟರ್ ಎತ್ತರಿಸಿ ಬೋಲ್ಟ್ ಮಾಡಿ. ಕೆಳಗೆ ಗಾಳಿ ಆಡುತ್ತದೆ, ನೀರು ಹೋಗುತ್ತದೆ, ನಾಳೆ ಬೇಕಾದರೆ ಬಿಚ್ಚಬಹುದು. ಜಂಕ್ಷನ್ ಬಾಕ್ಸ್ ಮೇಲ್ತುದಿಗೆ.

ಪ್ಯಾನೆಲ್ಲಿನ ಮೇಲಿನ ಪ್ಲಾಸ್ಟಿಕ್ ಹಾಳೆ ಇಟಿಎಫ್‌ಇ ಅನ್ನುವ ಜಾತಿಯದ್ದು ಇರಲಿ. ಪಿಇಟಿ ಅಗ್ಗ, ಬಿಸಿಲಿಗೆ ಹಳದಿ ಬಂದು ಬಿರಿಯುತ್ತದೆ.

ಗೇರುಬೀಜದಕ್ಕ · ರಾತ್ರಿ 9:30

ಇದನ್ನು 6 ವರ್ಷದ ಹಿಂದೆ ಯಾರಾದರೂ ಹೇಳಿದ್ದರೆ! ಒಂದು ಒಳ್ಳೆಯ ಮಾತೂ ಹೇಳಬೇಕಲ್ಲ. ಅಂಟಿಸಿದ್ದರ ಕೆಳಗೆ ಪಾರಿವಾಳ ಗೂಡು ಕಟ್ಟಲಿಲ್ಲ. ಈಗ ಹೊಸ ಶೀಟಿನ ಮೇಲೆ ಗಾಜಿನದು ಹಾಕಿಸಿದ್ದೇವೆ, ಕೆಳಗೆ ಪಾರಿವಾಳಗಳ ಒಂದು ಊರೇ ಇದೆ.

ಹುಬ್ಬಳ್ಳಿ ಬಿಸಿಲು · ರಾತ್ರಿ 9:41

ಡಬ್ಬಿಯವರೇ, ಕೆಲಸಕ್ಕೆ ಜನ ಹತ್ತಿದಾಗ ಬೆಳಕಿಗೆ ಹಾಕಿರುವ ಪಾರದರ್ಶಕ ಶೀಟುಗಳನ್ನು ಮೊದಲೇ ಗುರುತು ಮಾಡಿಸಿ. ಧೂಳು ಕೂತು ತಗಡಿನ ಹಾಗೇ ಕಾಣುತ್ತವೆ, ಕಾಲಿಟ್ಟರೆ ಕೆಳಗೇ. ಕೆಂಪು ರಿಬ್ಬನ್ ಕಟ್ಟಿಸ್ರಿ, ಬೆಲ್ಟ್ ಇಲ್ಲದೆ ಯಾರನ್ನೂ ಹತ್ತಿಸಬೇಡ್ರಿ.

ದಾಬಸ್‌ಪೇಟೆ ಡಬ್ಬಿ · ನಾಲ್ಕು ತಿಂಗಳ ನಂತರ, ಭಾನುವಾರ ಬೆಳಿಗ್ಗೆ 8:05

ಏನಾಯ್ತು ಅಂತ ಬರೆಯಲೇಬೇಕು, ಇಷ್ಟು ಜನ ತಲೆ ಕೆಡಿಸಿಕೊಂಡಿದ್ದೀರಿ.

ಡ್ರಾಯಿಂಗ್ ಬ್ಯಾಂಕಿನಲ್ಲೇ ಸಿಕ್ಕಿತು. ಮೊದಲನೇ ಹಾಳೆ, ಬಲಗಡೆ, ಪುರಾಣದವರು ಹೇಳಿದ ಜಾಗದಲ್ಲೇ. ಲೈವ್ ಲೋಡ್ 0.57, ಕೊಲ್ಯಾಟರಲ್ 0.10. ಫಾಲ್ಸ್ ಸೀಲಿಂಗ್ ಹಾಕಿಸಬೇಕು ಅಂತ ಅಪ್ಪ ಆಗ ಹೇಳಿದ್ದರಂತೆ. ದುಡ್ಡು ಸಾಲದೆ ಹಾಕಿಸಲಿಲ್ಲ. ಎಂಜಿನಿಯರು ಬಂದು ಲೆಕ್ಕ ಹಾಕಿ, ಎರಡೆರಡು ಕಂಬಸಾಲಿನ ನಡುವಿನ ಅಂಕಣಗಳಲ್ಲಿ ಮಧ್ಯದವು ಸರಿ ಇವೆ, ಎರಡು ತುದಿಯ ಅಂಕಣಗಳಿಗೆ ಹಾಕಬೇಡಿ ಅಂದರು. ಹಾಗಾಗಿ 100 ಆಸೆ ಬಿಟ್ಟು 130 ಪ್ಯಾನೆಲ್ಲು, 71.5 ಕಿಲೋವ್ಯಾಟ್, ಎಲ್ಲ ಗಾಜಿನದೇ. ರೈಲು ಪರ್ಲಿನ್ ಸಾಲಿಗೇ ಕೂತಿದೆ, ಪ್ರತಿ ಸ್ಕ್ರೂ ಕೆಳಗೆ ಇಪಿಡಿಎಂ ರಬ್ಬರ್. ಒಂದು ಮಳೆಗಾಲ ಆಯ್ತು, ಸೋರಿಲ್ಲ. ಬಿಸಿಲಿದ್ದ ದಿನ ಮುನ್ನೂರು ಯೂನಿಟ್ ದಾಟುತ್ತೆ, ಮೋಡ ಇದ್ದರೆ ನೂರೈವತ್ತು.

ಕಮಾನು ಗೋಡೌನ್ ಮುಟ್ಟಿಲ್ಲ. ಪತ್ರ ಕೇಳಿದೆ, ಶೀಟು ಮಾಡಿದವರು ಕೊಡಲಿಲ್ಲ.

ಕ್ಯಾನೊಪಿಗೆ ಟೆಕ್ಸಾಸ್‌ನವರು ಹೇಳಿದ ಹಾಗೆ 6 ಫ್ಲೆಕ್ಸಿಬಲ್ ಪ್ಯಾನೆಲ್ಲು, ಬೇರೆ ತಗಡಿಗೆ ಅಂಟಿಸಿ ಬೋಲ್ಟ್ ಮಾಡಿದ್ದೇವೆ. ಗ್ರಿಡ್‌ಗೆ ಸೇರಿಸಿಲ್ಲ, ಒಂದು ಬ್ಯಾಟರಿ ಇಟ್ಟು ಅಂಗಳದ ದೀಪ, ಸೆಕ್ಯುರಿಟಿ ರೂಮಿನ ಫ್ಯಾನು. ಮೊದಲನೇ ಪ್ಯಾನೆಲ್ಲು ನಾನೇ ಅಂಟಿಸಿದ್ದು. ನಡುವೆ ಅಂಗೈ ಅಗಲದ ಗುಳ್ಳೆ ಇದೆ. ಉಳಿದ ಐದನ್ನು ನಮ್ಮ ಪ್ರಿಂಟಿಂಗ್ ಸೆಕ್ಷನ್ ಹುಡುಗಿ ಅಂಟಿಸಿದಳು. ಲೇಬಲ್ ಹಚ್ಚಿ ಕೈ ಪಳಗಿದೆ, ಒಂದು ಸುಕ್ಕಿಲ್ಲ.

ಈಗ ಹೊಸ ಪ್ರಶ್ನೆ. ಗಾಜಿನ ಪ್ಯಾನೆಲ್ಲಿನ ಕೆಳಗೆ ಪಾರಿವಾಳಗಳು ಬಂದು ಜಾಗ ನೋಡಿಕೊಂಡು ಹೋಗಿವೆ. ಅಕ್ಕಾ, ನೀವು ಬಲೆ ಹಾಕಿಸಿದಿರಾ? ತಂತಿಯದಾ, ನೈಲಾನಾ?

ಗೇರುಬೀಜದಕ್ಕ · ಬೆಳಿಗ್ಗೆ 8:40

ನೈಲಾನ್ ಹಾಕಿಸಬೇಡಿ. ಒಂದೇ ಬೇಸಿಗೆಗೆ ಪುಡಿ. ತಂತಿಯದು, ಪಿವಿಸಿ ಕೋಟಿಂಗ್ ಇರುವುದು. ಅಂಚಿಗೆ ಕ್ಲಿಪ್ ಹಾಕಿ ಕೂರಿಸಲಿ, ಪ್ಯಾನೆಲ್ ಫ್ರೇಮಿಗೆ ತೂತು ಕೊರೆಯಲು ಬಿಡಬೇಡಿ. ಮೊಟ್ಟೆ ಇಡುವ ಮೊದಲೇ ಹಾಕಿಸಿ, ಆಮೇಲೆ ಎಬ್ಬಿಸಲು ಮನಸ್ಸು ಬರುವುದಿಲ್ಲ.